ಹದಿನೇಳು ಖಾತೆಗೆ ಒಂದೇ ಫೋನ್ ನಂಬರ್

೨೦೨೧ರ ಜೂನ್ ತಿಂಗಳಲ್ಲಿ ನಾನು ಶಿರಾಳಕೊಪ್ಪದ ನಮ್ಮ ಬ್ಯಾಂಕಿನ ಶಾಖೆಗೆ ಮ್ಯಾನೇಜರ್ ಆಗಿ ಬಂದೆ. ಕೆಲಸಕ್ಕೆ ಸೇರಿ ಮೂವತ್ತನಾಲ್ಕು ವರ್ಷವಾಗಿತ್ತು, ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ನನ್ನ ಬಾಯಿ ಸ್ವಲ್ಪ ಜೋರು. ಹೋದ ಶಾಖೆಯಲ್ಲೆಲ್ಲ ಬಾಕಿ ಬಿದ್ದ ಕಡತ ಖಾಲಿ ಮಾಡಿಸಿಯೇ ಮುಂದಿನ ಊರಿಗೆ ಹೋದವಳು ಎಂಬ ಹೆಸರಿತ್ತು, ಆ ಹೆಸರಿನ ಮೇಲೆ ನನಗೂ ಪ್ರೀತಿ ಇತ್ತು. ಕಾಗದ ಸರಿ ಇದ್ದರೆ ಕೆಲಸ ಸರಿ ಇದೆ ಎಂದು ನಂಬಿದ್ದೆ.

ನಾನು ಬಂದಾಗ ಕೊರೊನಾದ ಎರಡನೇ ಅಲೆ ಇಳಿಯುತ್ತಿತ್ತು. ಒಳಗೆ ಒಂದು ಸಲಕ್ಕೆ ಐದು ಜನಕ್ಕಿಂತ ಹೆಚ್ಚು ಬಿಡುವಂತಿರಲಿಲ್ಲ. ಅದೇ ಹೊತ್ತಿಗೆ ಹಳೆಯ ಖಾತೆಗಳಿಗೆಲ್ಲ ಕೆವೈಸಿ ಮಾಡಿಸಿ ಎಂದು ಮೇಲಿನಿಂದ ಒತ್ತಾಯ. ಕೆವೈಸಿ ಎಂದರೆ ಗ್ರಾಹಕರ ಗುರುತು, ವಿಳಾಸ, ಮೊಬೈಲ್ ನಂಬರ್ ಇವನ್ನು ಹೊಸದಾಗಿ ಪಡೆದು ದಾಖಲಿಸುವುದು. ಬ್ಯಾಂಕಿನ ಎದುರಿಗೇ ಪರಮೇಶಿ ಎಂಬವನ ಝೆರಾಕ್ಸ್ ಅಂಗಡಿ ಇತ್ತು. ಓದು ಬರಹ ಬಾರದವರಿಗೆ ಹತ್ತು ರೂಪಾಯಿ ತೆಗೆದುಕೊಂಡು ಅವನು ಫಾರಂ ತುಂಬಿಕೊಡುತ್ತಿದ್ದ. ಅಕ್ಷರ ಅಂದರೆ ಅಕ್ಷರ, ಒಂದು ಚಿತ್ತುಕಾಟು ಇಲ್ಲ, ಒಂದು ಖಾಲಿ ಜಾಗ ಇಲ್ಲ. ‘ಎದುರಿನ ಅಂಗಡಿಯಲ್ಲಿ ತುಂಬಿಸಿಕೊಂಡು ಬನ್ನಿ’ ಎಂದು ನಾನೇ ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಿದ್ದೆ. ಸಂಜೆ ಅವನು ಫಾರಂಗಳನ್ನು ಕಟ್ಟು ಕಟ್ಟಿ ತಂದುಕೊಡುತ್ತಿದ್ದ. ಇಂಥ ಒಬ್ಬ ಮನುಷ್ಯ ನಮ್ಮ ಸಿಬ್ಬಂದಿಯಲ್ಲಿ ಇದ್ದಿದ್ದರೆ ಎಂದು ಎಲ್ಲರೆದುರಿಗೆ ಹೇಳಿದ್ದೂ ಉಂಟು.

ಒಂದೂವರೆ ವರ್ಷ ಹೀಗೇ ಹೋಯಿತು. ೨೦೨೩ರ ಜನವರಿ ಮೊದಲ ವಾರ ಸರ್ಕಾರಿ ನೌಕರರ ಸಂಬಳ ಜಮೆಯಾದ ದಿನ, ಬೆಳಿಗ್ಗೆ ಹತ್ತಕ್ಕೆ ನನ್ನ ಕೋಣೆಯ ಸಿಸಿಟಿವಿ ಪರದೆಯತ್ತ ಕಣ್ಣು ಹೋಯಿತು. ಪರಮೇಶಿ ಎಟಿಎಂ ಒಳಗೆ ನಿಂತಿದ್ದ. ಒಂದು ಕಾರ್ಡ್ ಹಾಕಿದ, ದುಡ್ಡು ತೆಗೆದ. ಜೇಬಿನಿಂದ ಇನ್ನೊಂದು ಕಾರ್ಡ್ ತೆಗೆದ. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಒಂಬತ್ತು ಕಾರ್ಡ್ ಆಯಿತು. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಪ್ರತಿ ಕಾರ್ಡಿನ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿತ್ತು, ಅದರ ಮೇಲೆ ಪೆನ್ನಿನಲ್ಲಿ ಏನೋ ಬರೆದಿತ್ತು. ಕಿಟಕಿಯ ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಅವನು ಬಂದು ಹೆಸರು ಕರೆದು ಒಬ್ಬೊಬ್ಬರ ಕೈಗೂ ಒಂದಿಷ್ಟು ನೋಟು ಇಟ್ಟ. ಅವರು ನಮಸ್ಕಾರ ಮಾಡಿ ಹೋದರು.

ಕ್ಯಾಷಿಯರ್ ನಾಗರಾಜನನ್ನು ಕರೆದು ಇದೇನಪ್ಪ ಎಂದು ಕೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಬಂಗಾರ ಗಿರವಿ ಇಡುವ ಹಾಗೆ ಇಲ್ಲಿ ಕಾರ್ಡ್ ಗಿರವಿ ಇಡುತ್ತಾರೆ ಎಂದ. ಸಾಲ ಬೇಕಾದವರು ಸಂಬಳದ ಖಾತೆಯ ಎಟಿಎಂ ಕಾರ್ಡನ್ನೂ ಪಿನ್ ನಂಬರನ್ನೂ ಕೊಡಬೇಕು. ಸಂಬಳ ಬಂದ ದಿನ ಸಾಲ ಕೊಟ್ಟವನೇ ಎಲ್ಲ ದುಡ್ಡನ್ನೂ ತೆಗೆದು, ತನ್ನದನ್ನು ಮುರಿದುಕೊಂಡು, ಉಳಿದದ್ದನ್ನು ಖರ್ಚಿಗೆ ಕೊಡುತ್ತಾನೆ. ಕಸ ಗುಡಿಸುವವರು, ಹಾಸ್ಟೆಲಿನ ಅಡುಗೆಯವರು, ಶಾಲೆಯ ಜವಾನರು, ಸಂಬಳ ಖಚಿತವಿರುವ ಆದರೆ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನ. ‘ಎಲ್ಲರಿಗೂ ಗೊತ್ತಿರೋದೇ ಮೇಡಂ’ ಎಂದ ನಾಗರಾಜ. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ, ಕಾರ್ಡ್ ಕೊಟ್ಟವರೇ ಸುಮ್ಮನಿರುವಾಗ ನಾನೇನು ಮಾಡಲಿ ಎಂದು ಒಂದು ತಿಂಗಳು ಕೈಕಟ್ಟಿ ಕೂತೆ. ಇದನ್ನು ಮುಚ್ಚಿಡುವುದಿಲ್ಲ.

ಫೆಬ್ರವರಿ ಎರಡನೇ ವಾರ ಹಾಲಮ್ಮ ನನ್ನ ಕೋಣೆಗೆ ಬಂದರು. ಸೊರಬ ತಾಲೂಕಿನ ಕುಪ್ಪಗಡ್ಡೆಯವರು. ಶಿರಾಳಕೊಪ್ಪದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವರು, ಆ ತಿಂಗಳ ಕೊನೆಗೆ ನಿವೃತ್ತಿ. ಪಿಂಚಣಿ ಕಾಗದಕ್ಕೆ ಬ್ಯಾಂಕಿನ ಮೊಹರು ಬೇಕಿತ್ತು. ಮೊಹರು ಹಾಕಿಸಿಕೊಂಡ ಮೇಲೂ ಅವರು ಏಳಲಿಲ್ಲ. ಗ್ರ್ಯಾಚುಟಿ ದುಡ್ಡು, ಅಂದರೆ ನಿವೃತ್ತಿಯಾದಾಗ ಸರ್ಕಾರ ಒಂದೇ ಗಂಟಾಗಿ ಕೊಡುವ ಹಣ, ಖಾತೆಗೆ ಬಂದರೆ ತನಗೆ ತಿಳಿಯುವುದು ಹೇಗೆ ಎಂದು ಕೇಳಿದರು. ಸುಮಾರು ಆರು ಲಕ್ಷ ನಲವತ್ತು ಸಾವಿರ ಬರುತ್ತದೆ ಎಂದು ಕಚೇರಿಯಲ್ಲಿ ಹೇಳಿದ್ದರಂತೆ. ಆ ದುಡ್ಡಿಗೆ ಅವರ ಬಳಿ ಒಂದು ಲೆಕ್ಕ ಸಿದ್ಧವಿತ್ತು. ಸೊರಬದ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ನೋಡಿದ್ದರು. ಅಲ್ಲಿ ಖಾನಾವಳಿ ಇಡಬೇಕು, ಅರವತ್ತು ಹುಡುಗಿಯರಿಗೆ ಬೇಯಿಸಿದ ಕೈ, ಅರವತ್ತು ಗಿರಾಕಿಗೆ ಬೇಯಿಸುವುದು ದೊಡ್ಡ ಮಾತಲ್ಲ ಎಂದರು. ಹೇಳುವಾಗ ಮುಖ ಅರಳಿತ್ತು.

ಮೊಬೈಲಿಗೆ ಮೆಸೇಜು ಬರುತ್ತದೆ ಎಂದೆ. ತನಗೆ ಯಾವತ್ತೂ ಬಂದಿಲ್ಲ ಎಂದರು. ಕಾರ್ಡ್ ಎಲ್ಲಿ ಎಂದೆ.

‘ಪರಮೇಶಣ್ಣನ ಹತ್ರ ಐತ್ರಿ. ನನ್ನತ್ರ ಇದ್ರೆ ಕಳ್ಕಂತೀನಿ. ಅವ್ರತ್ರ ಜ್ವಾಪಾನ ಇರ್ತೈತೆ.’

ನನಗೆ ಸಿಟ್ಟು ನೆತ್ತಿಗೇರಿತು. ಬುದ್ಧಿ ಇದೆಯಾ ನಿಮಗೆ, ಮನೆ ಬೀಗದ ಕೈ ತೆಗೆದು ಬೀದಿಯಲ್ಲಿ ಹೋಗುವವನಿಗೆ ಕೊಡುತ್ತೀರಾ ಎಂದು ಹೊರಗಿನ ಕೌಂಟರಿಗೂ ಕೇಳಿಸುವ ಹಾಗೆ ಕೂಗಾಡಿದೆ. ಹಾಲಮ್ಮ ಸೆರಗು ಹೊದ್ದು ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ವಿಷಯ ಹೊರಬಂತು. ೨೦೧೯ರಲ್ಲಿ ಮಗಳ ನರ್ಸಿಂಗ್ ಕೋರ್ಸಿಗೆ ಫೀಸು ಕಟ್ಟಬೇಕಿತ್ತು, ನಲವತ್ತು ಸಾವಿರ. ಮೊದಲು ಬಂದದ್ದು ಇದೇ ಬ್ಯಾಂಕಿಗೆ. ಮೂರು ಸಲ ಬಂದರಂತೆ. ಒಂದು ಸಲ ಸಂಬಳದ ಸರ್ಟಿಫಿಕೇಟ್ ಇಲ್ಲ ಎಂದು, ಒಂದು ಸಲ ಜಾಮೀನುದಾರರಿಲ್ಲ ಎಂದು, ಮೂರನೇ ಸಲ ಸಾಹೇಬರು ರಜೆ ಎಂದು ವಾಪಸ್ ಕಳಿಸಿದ್ದರು. ಪರಮೇಶಿ ಹತ್ತು ನಿಮಿಷದಲ್ಲಿ ದುಡ್ಡು ಎಣಿಸಿ ಕೊಟ್ಟ. ಕುಡಿಯಲು ನೀರು ಕೊಟ್ಟು, ಕೂರಿಸಿ ಮಾತಾಡಿಸಿದ. ಆ ನೀರನ್ನು ಅವರು ಮರೆತಿರಲಿಲ್ಲ.

ಕಾಗದ ತೆಗೆದುಕೊಂಡು ಅವರೆದುರೇ ಲೆಕ್ಕ ಬರೆದೆ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ. ನಲವತ್ತು ಸಾವಿರಕ್ಕೆ ತಿಂಗಳಿಗೆ ನಾಲ್ಕು ಸಾವಿರ. ಅದರ ಮೇಲೆ ‘ಓಡಾಟದ ಖರ್ಚು’ ಎಂದು ಎರಡು ಸಾವಿರ. ಕೈಗೆ ಬರುವ ಇಪ್ಪತ್ತೆಂಟು ಸಾವಿರ ಸಂಬಳದಲ್ಲಿ ಪ್ರತಿ ತಿಂಗಳೂ ಆರು ಸಾವಿರ ಅವನಿಗೆ. ೨೦೧೯ರ ಜೂನ್‌ನಿಂದ ಆ ದಿನದವರೆಗೆ ನಲವತ್ತೈದು ತಿಂಗಳು. ಎರಡು ಲಕ್ಷ ಎಪ್ಪತ್ತು ಸಾವಿರ ಕೊಟ್ಟಾಗಿತ್ತು, ಅಸಲು ಒಂದು ರೂಪಾಯಿಯೂ ತೀರಿರಲಿಲ್ಲ. ಸಾಲದ್ದಕ್ಕೆ, ರಿಟೈರ್ ಆದಾಗ ಎಲ್ಲ ಸೇರಿಸಿ ಲೆಕ್ಕ ಚುಕ್ತಾ ಮಾಡೋಣ ಎಂದು ಅವನು ಹೇಳಿಟ್ಟಿದ್ದ. ಎಷ್ಟು ಸೇರಿಸುತ್ತಾನೆ ಎಂದು ಇವರು ಕೇಳಿರಲಿಲ್ಲ. ಸಹಿ ಹಾಕಿದ ಖಾಲಿ ಛಾಪಾ ಕಾಗದ ಒಂದು, ಖಾಲಿ ಚೆಕ್ಕು ಎರಡು ಅವನ ಬಳಿ ಇದ್ದವು.

ಹಾಲಮ್ಮ ಆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದೇ ಅಂಕಿ ನೋಡಿದರು. ಅಂಕಿ ಅವರಿಗೆ ಓದಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತನ್ನ ಹೆಸರನ್ನು ಮಾತ್ರ ಬರೆಯಲು ಹಾಸ್ಟೆಲಿನ ಹುಡುಗಿಯರು ಕಲಿಸಿದ್ದರು. ಕೊನೆಗೆ ಕಾರ್ಡ್ ಬ್ಲಾಕ್ ಮಾಡಿ ಎಂದು ಒಪ್ಪಿಗೆ ಕೊಟ್ಟರು. ಅಂದರೆ ಆ ಕಾರ್ಡ್ ಇನ್ನು ನಡೆಯದ ಹಾಗೆ ಮಾಡುವುದು. ನಾನು ಅಲ್ಲೇ ಮಾಡಿಸಿದೆ. ಕೆಲಸ ಮುಗಿಯಿತು ಎಂದು ನೆಮ್ಮದಿಯಾಗಿ ಊಟದ ಡಬ್ಬಿ ತೆರೆದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹಾಲಮ್ಮ ನಿಂತಿದ್ದರು. ಮುಖ ಬಾಡಿತ್ತು. ಕೈಯಲ್ಲೊಂದು ಅರ್ಜಿ: ‘ನನ್ನ ಕಾರ್ಡನ್ನು ತಪ್ಪು ತಿಳುವಳಿಕೆಯಿಂದ ಬ್ಲಾಕ್ ಮಾಡಿಸಿರುತ್ತೇನೆ, ದಯಮಾಡಿ ಹೊಸ ಕಾರ್ಡ್ ನೀಡಬೇಕಾಗಿ ವಿನಂತಿ.’ ಒಂದು ಚಿತ್ತುಕಾಟು ಇಲ್ಲದ, ಒಂದು ಖಾಲಿ ಜಾಗವಿಲ್ಲದ ಅದೇ ಅಕ್ಷರ. ಹಿಂದಿನ ದಿನ ಅವರು ನನ್ನ ಕೋಣೆಯಿಂದ ನಡೆದು ಹಾಸ್ಟೆಲ್ ತಲುಪುವ ಮೊದಲೇ ಪರಮೇಶಿ ಬೈಕಿನಲ್ಲಿ ಹೋಗಿ ಅಲ್ಲಿ ಕಾಯುತ್ತಿದ್ದನಂತೆ. ಬೈಯಲಿಲ್ಲವಂತೆ. ಖಾಲಿ ಛಾಪಾ ಕಾಗದ ತೋರಿಸಿ, ಇದರಲ್ಲಿ ಐದು ಲಕ್ಷ ಅಂತ ಬರೆದರೂ ನೀವೇ ಕೊಡಬೇಕು ಎಂದಷ್ಟೇ ಹೇಳಿದನಂತೆ.

ಇವರು ಹೇಳಿಲ್ಲ, ನಾನು ಹೇಳಿಲ್ಲ. ಅವನಿಗೆ ಗೊತ್ತಾದದ್ದು ಹೇಗೆ? ಕಂಪ್ಯೂಟರಿನಲ್ಲಿ ಹಾಲಮ್ಮನ ಖಾತೆ ತೆಗೆದು ಮೊಬೈಲ್ ನಂಬರ್ ನೋಡಿದೆ. ಅವರ ಕೈಯಲ್ಲಿದ್ದ ಫೋನಿನಿಂದ ನನಗೆ ಕರೆ ಮಾಡಿಸಿ ನೋಡಿದೆ. ಬೇರೆ ನಂಬರ್. ಖಾತೆಯಲ್ಲಿದ್ದ ನಂಬರ್ ನನಗೆ ಪರಿಚಯದ್ದೇ, ಪರಮೇಶಿಯ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ ಎರಡು ನಂಬರ್‌ಗಳಲ್ಲಿ ಎರಡನೆಯದು. ಕಾರ್ಡ್ ಬ್ಲಾಕ್ ಆಯಿತು ಎಂಬ ಮೆಸೇಜು ನೇರವಾಗಿ ಅವನಿಗೆ ಹೋಗಿತ್ತು. ಸಂಬಳ ಬಿದ್ದದ್ದು ಮೊದಲು ತಿಳಿಯುತ್ತಿದ್ದುದೂ ಅವನಿಗೇ. ಕಾರ್ಡೂ ನಂಬರೂ ಎರಡೂ ಕೈಯಲ್ಲಿದ್ದರೆ ಎಟಿಎಂಗೆ ಹೋಗುವ ಕೆಲಸವೂ ಇಲ್ಲ, ಫೋನಿನಲ್ಲೇ ದಿನಕ್ಕೆ ಒಂದು ಲಕ್ಷ ಎಳೆದುಕೊಳ್ಳಬಹುದು. ಆರು ಲಕ್ಷ ನಲವತ್ತು ಸಾವಿರಕ್ಕೆ ಅವನಿಗೆ ಒಂದು ವಾರ ಸಾಕಿತ್ತು.

ಹಾಲಮ್ಮನದೂ ಸೇರಿ ಆ ನಂಬರ್ ಒಟ್ಟು ಎಷ್ಟು ಖಾತೆಗಳಲ್ಲಿದೆ ಎಂದು ಹುಡುಕಿಸಿದೆ. ಹದಿನೇಳು. ನಂಬರ್ ಬದಲಿಸಬೇಕಾದರೆ ಗ್ರಾಹಕರು ಖುದ್ದಾಗಿ ಬಂದು ಅರ್ಜಿ ಕೊಡಬೇಕು, ಒಬ್ಬರು ಕಂಪ್ಯೂಟರಿಗೆ ಏರಿಸಬೇಕು, ಇನ್ನೊಬ್ಬ ಅಧಿಕಾರಿ ಗ್ರಾಹಕರನ್ನು ಕಂಡು ತಾಳೆ ನೋಡಿ ಒಪ್ಪಬೇಕು. ಯಾವ ಪುಣ್ಯಾತ್ಮ ಒಪ್ಪಿದ್ದಾನೆ ನೋಡೋಣ, ಅವನ ಗ್ರಹಚಾರ ಬಿಡಿಸುತ್ತೇನೆ ಎಂದು ಹಳೆಯ ಫಾರಂಗಳನ್ನು ತರಿಸಿದೆ. ನಾಗರಾಜ ಕಟ್ಟು ತಂದು ಮೇಜಿನ ಮೇಲಿಟ್ಟು ಹೊರಗೆ ಹೋದ.

೨೦೨೧ರ ಆಗಸ್ಟ್. ಹದಿನೇಳಕ್ಕೆ ಹದಿನೇಳೂ ನನ್ನ ಸಹಿ.

ಕೊರೊನಾ ಕಾಲದಲ್ಲಿ ಪರಮೇಶಿ ಸಂಜೆ ತಂದುಕೊಡುತ್ತಿದ್ದ ಕಟ್ಟುಗಳವು. ನೂರಾರು ಕೆವೈಸಿ ಫಾರಂಗಳ ನಡುವೆ ಇವನ್ನೂ ಸೇರಿಸಿದ್ದ. ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ, ಒಂದು ಫಾರಂ ಕೂಡ ಓದಿರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಸಹಿ ಹಾಕಿದ್ದೆ. ನಾಚಿಕೆಯಾಯಿತು. ಹಿಂದಿನ ದಿನವಷ್ಟೇ ಹಾಲಮ್ಮನಿಗೆ ಬುದ್ಧಿ ಇದೆಯಾ ಎಂದು ಕೂಗಿದ ಬಾಯಿ ಇದು.

ಸದ್ದಿಲ್ಲದೆ ಹದಿನೇಳು ನಂಬರ್ ತಿದ್ದಿಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ಪರಮೇಶಿಯ ಮೇಲೆ ದೂರು ಕೊಡಲು ಆಗುವುದಿಲ್ಲ, ದೂರು ಕೊಟ್ಟರೆ ಮೊದಲು ಹೊರಬರುವುದೇ ನನ್ನ ಸಹಿ. ನಿವೃತ್ತಿಗೆ ಹದಿನೈದು ತಿಂಗಳಿದ್ದಾಗ ಆರೋಪಪಟ್ಟಿ ಬಂದರೆ ನನ್ನ ಗ್ರ್ಯಾಚುಟಿಯೂ ನಿಲ್ಲುತ್ತದೆ. ಮಧ್ಯಾಹ್ನದವರೆಗೆ ಯೋಚಿಸಿದೆ. ಆಮೇಲೆ ಪ್ರಾದೇಶಿಕ ಕಚೇರಿಗೆ ಎರಡು ಪುಟದ ಪತ್ರ ಬರೆದೆ, ಮೊದಲ ಸಾಲಿನಲ್ಲೇ ತಪ್ಪು ನನ್ನದು ಎಂದು ಬರೆದು ಕಳಿಸಿದೆ. ಕಳಿಸಿದ ಮೇಲೆ ನನ್ನ ಧೈರ್ಯ ನನಗೆ ವಾಪಸ್ ಬಂತು. ಇನ್ನು ಅವನುಂಟು, ನಾನುಂಟು ಎಂದುಕೊಂಡೆ.

ಹಾಲಮ್ಮನಿಗೆ ಮಾತ್ರ ಆಗ ಪೂರ್ತಿ ಹೇಳಲಿಲ್ಲ. ಖಾತೆಯಲ್ಲಿ ತಪ್ಪು ನಂಬರ್ ಸೇರಿಕೊಂಡಿದೆ, ಸರಿಮಾಡುತ್ತೇವೆ ಎಂದೆ. ನನ್ನ ಮೇಲಿದ್ದ ನಂಬಿಕೆಯೂ ಹೋದರೆ ಅವರು ಮತ್ತೆ ಎದುರಂಗಡಿಗೇ ಹೋಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನೋಡಿದರೆ ಬಾಯಿ ಬರಲಿಲ್ಲ.

ಮುಂದಿನ ಎರಡು ವಾರ ನಾಗರಾಜನೂ ನಾನೂ ಹದಿನೇಳು ಜನರನ್ನು ಒಬ್ಬೊಬ್ಬರಾಗಿ ಕಂಡೆವು. ಹಾಸ್ಟೆಲಿನ ಅಡುಗೆಮನೆಗೆ ಹೋದೆವು, ಸಂತೆಯ ದಿನ ಕಸದ ಗಾಡಿಯ ಹತ್ತಿರ ನಿಂತು ಮಾತಾಡಿದೆವು, ಒಬ್ಬ ಜವಾನನನ್ನು ಹುಡುಕಿಕೊಂಡು ಜಡೆ ಎಂಬ ಊರಿಗೂ ಹೋದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಪರಮೇಶಿ ಕಷ್ಟಕ್ಕಾದವನು ಎಂದೇ ಎಲ್ಲರ ಮಾತು. ನಾನು ವಾದ ಮಾಡಲಿಲ್ಲ, ಕಾಗದದ ಮೇಲೆ ಅವರವರ ತಿಂಗಳ ಲೆಕ್ಕ ಬರೆದು ತೋರಿಸಿದೆ. ಅಂಕಿ ನೋಡಿದ ಮೇಲೆ ಮಾತಾಡಿದರು. ಹದಿನೇಳು ಜನವೂ ಮೊಬೈಲ್ ನಂಬರ್ ಬದಲಿಸಿದರು, ಉಳಿದ ಹದಿನಾರು ಹಳೆಯ ಕಾರ್ಡೂ ಒಂದೇ ದಿನ ಬ್ಲಾಕ್ ಆದವು. ಸಂಬಳವನ್ನು ಪಾಸ್‌ಪುಸ್ತಕ ತಂದು ಕೌಂಟರಿನಲ್ಲೇ ಪಡೆಯುವುದು ಎಂದು ಮಾತಾಯಿತು. ಬಡ್ಡಿಗೆ ಸಾಲ ಕೊಡುವ ಲೇವಾದೇವಿದಾರರಿಗೆ ಲೈಸೆನ್ಸ್ ಕೊಡುವುದು ಸಹಕಾರ ಇಲಾಖೆ. ಅಲ್ಲಿಯ ಅಧಿಕಾರಿಗೆ ಲಿಖಿತ ದೂರು ಕೊಟ್ಟೆ, ಠಾಣೆಗೂ ಒಂದು ಪ್ರತಿ ಮುಟ್ಟಿಸಿದೆ.

ಮಾರ್ಚ್ ಮೊದಲ ವಾರ ಸಂಬಳದ ದಿನ. ಹತ್ತು ಗಂಟೆಗೆ ಹದಿನೇಳು ಜನ ಸಾಲಾಗಿ ಕೌಂಟರಿಗೆ ಬಂದರು, ಮುಂದೆ ಹಾಲಮ್ಮ. ಟೀ ಅಂಗಡಿಯ ಬೆಂಚು ಖಾಲಿ. ಹತ್ತೂವರೆಗೆ ಪರಮೇಶಿ ನನ್ನ ಕೋಣೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು ಯಾರೋ ಗ್ರಾಹಕರು ಎಂದು ಎಣಿಸಿದ್ದ. ಫೈಲಿನಿಂದ ಛಾಪಾ ಕಾಗದ ತೆಗೆದು ಮೇಜಿನ ಮೇಲಿಟ್ಟ. ಹಾಲಮ್ಮನ ಹೆಸರಿನಲ್ಲಿ ನಾಲ್ಕು ಲಕ್ಷದ ಸಾಲ ಎಂದು ಬರೆದಿತ್ತು. ಖಾಲಿ ಇದ್ದ ಕಾಗದ ಹದಿನೈದು ದಿನದಲ್ಲಿ ತುಂಬಿಕೊಂಡಿತ್ತು. ಅವಳ ಗ್ರ್ಯಾಚುಟಿ ಬಂದ ಕೂಡಲೇ ತಡೆಹಿಡಿಯಬೇಕು ಎಂದು ನನಗೇ ಕಾನೂನು ಹೇಳಿದ.

‘ನಾನು ಯಾರ ಮನೆ ಬಾಗ್ಲಿಗೂ ಹೋಗಿ ಸಾಲ ತಗಳ್ರಿ ಅಂದಿಲ್ಲ ಮೇಡಂ. ನೀವು ವಾಪಸ್ ಕಳ್ಸಿದೋರು ನನ್ನ ಅಂಗಡಿಗೆ ಬಂದ್ರು’ ಎಂದ.

ಆ ಮಾತು ನಾಟಿತು. ಸುಳ್ಳಲ್ಲವಲ್ಲ. ಆದರೆ ನಿಜ ಹೇಳಿದ ಮಾತ್ರಕ್ಕೆ ಕಳ್ಳ ಸಾಚಾ ಆಗುವುದಿಲ್ಲ. ‘ಇವರಿಗೂ ಅದನ್ನೇ ಹೇಳು’ ಎಂದು ಪಕ್ಕದ ಕುರ್ಚಿ ತೋರಿಸಿದೆ. ಅಲ್ಲಿದ್ದವರು, ಸಂಬಳದ ದಿನ ಬನ್ನಿ ಎಂದು ನಾನೇ ಕರೆಸಿದ್ದ ಸಹಕಾರ ಇಲಾಖೆಯ ಅಧಿಕಾರಿ.

‘ಲೇವಾದೇವಿ ಲೈಸೆನ್ಸ್ ಎಲ್ಲೈತ್ರೀ, ತೋರಿಸ್ರಿ’ ಎಂದರು ಅವರು.

ಲೈಸೆನ್ಸ್ ಇರಲಿಲ್ಲ. ಇದ್ದಿದ್ದರೂ ವರ್ಷಕ್ಕೆ ನೂರಕ್ಕೆ ನೂರಿಪ್ಪತ್ತು ಬಡ್ಡಿಗೆ ಯಾವ ಕಾನೂನಿನಲ್ಲೂ ಜಾಗವಿಲ್ಲ. ಅವತ್ತೇ ಪೊಲೀಸರ ಸಮಕ್ಷಮ ಅಂಗಡಿ ತಪಾಸಣೆಯಾಯಿತು. ಮೂರು ಬ್ಯಾಂಕುಗಳ ನಲವತ್ತೊಂದು ಕಾರ್ಡ್ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕವು, ಪ್ರತಿಯೊಂದರ ಮೇಲೂ ಪ್ಲಾಸ್ಟರು, ಹೆಸರು, ಪಿನ್ನು. ಛಾಪಾ ಕಾಗದಗಳು, ಖಾಲಿ ಚೆಕ್ಕುಗಳು ಜಪ್ತಿಯಾದವು. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದೆ, ಹಾಗಾಗಿ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹದಿನೇಳು ಜನರಲ್ಲಿ ಹನ್ನೊಂದು ಜನಕ್ಕೆ ಸಂಬಳದ ಆಧಾರದ ಮೇಲೆ ನಾವೇ ಸಾಲ ಕೊಟ್ಟೆವು, ಮೂರೇ ದಿನದಲ್ಲಿ. ಇಬ್ಬರು ಆಮೇಲೆ ಬೇರೆ ಊರಿನ ಬೇರೊಬ್ಬನ ಬಳಿ ಕಾರ್ಡ್ ಇಟ್ಟರು ಎಂದು ಕೇಳಿದೆ. ಅದು ಇವತ್ತಿಗೂ ನನಗೆ ನುಂಗಲಾರದ ತುತ್ತು. ನನಗೆ ಲಿಖಿತ ಎಚ್ಚರಿಕೆ ಬಂತು, ಸೇವಾ ಪುಸ್ತಕದಲ್ಲಿ ಒಂದು ಕೆಂಪು ಸಾಲು ಸೇರಿತು. ಅದಕ್ಕೆ ನಾನು ಅರ್ಹಳೇ.

ಏಪ್ರಿಲ್ ಕೊನೆಯಲ್ಲಿ ಹಾಲಮ್ಮ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಬ್ಯಾಂಕಿಗೆ ಬಂದರು. ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಮೆಸೇಜು ಬಂದಿತ್ತು. ಓದಿ ಹೇಳಿದೆ, ಆರು ಲಕ್ಷ ನಲವತ್ತು ಸಾವಿರ ಜಮೆ. ಇನ್ನೊಂದು ಸಲ ಓದ್ರಿ ಎಂದರು. ಇನ್ನೊಂದು ಸಲ ಓದಿದೆ. ಕುರ್ಚಿಯಲ್ಲಿ ಕೂತು ಗಳಗಳನೆ ಅತ್ತರು. ನಾಗರಾಜ ಓಡಿಹೋಗಿ ನೀರು ತಂದ.

೨೦೨೪ರ ಮೇ ತಿಂಗಳಲ್ಲಿ ನಾನು ನಿವೃತ್ತಳಾದೆ. ಎರಡು ತಿಂಗಳು ಬಿಟ್ಟು ಸೊರಬದ ಬಸ್ ಹತ್ತಿದೆ. ಖಾನಾವಳಿ ಹುಡುಕುವುದು ಕಷ್ಟವಾಗಲಿಲ್ಲ, ಬಸ್ ನಿಲ್ದಾಣದಲ್ಲಿ ಕೇಳಿದ ಮೊದಲನೆಯವರೇ ದಾರಿ ತೋರಿಸಿದರು. ಆರು ಮೇಜು, ಎಲ್ಲವೂ ಭರ್ತಿ. ಹಾಲಮ್ಮ ನನ್ನನ್ನು ಕಂಡು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಕೂರಿಸಿದರು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು, ಮಜ್ಜಿಗೆ. ಊಟ ಅರ್ಧವಾದಾಗ, ಒಂದೂವರೆ ವರ್ಷ ಗಂಟಲಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಆ ನಂಬರ್ ಬದಲಿಸುವ ಫಾರಮ್ಮಿಗೆ ಒಪ್ಪಿಗೆ ಸಹಿ ಹಾಕಿದವಳು ನಾನೇ, ಓದದೆ ಹಾಕಿದ್ದೆ, ಕ್ಷಮಿಸಿ ಎಂದೆ.

ಹಾಲಮ್ಮ ನನ್ನ ತಟ್ಟೆಗೆ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ.

‘ನಾನೂ ಓದದೆ ಸೈನ್ ಹಾಕಿದ್ದು ಮೇಡಮ್ಮಾರೆ. ನಂಗೆ ಓದಾಕೆ ಬರಲ್ಲ. ನಿಮಗೆ ಬರ್ತಿತ್ತಲ್ರೀ.’

ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಕಮ್ಮಿಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ಮೂವತ್ತೇಳು ವರ್ಷದ ನೌಕರಿಯಲ್ಲಿ ನನ್ನನ್ನು ಇಷ್ಟು ಸರಿಯಾಗಿ ಯಾರೂ ವಿಚಾರಣೆ ಮಾಡಿರಲಿಲ್ಲ. ಪರಮೇಶಿಯಂಥವನ ಬಂಡವಾಳ ಅವನ ಜೇಬಿನಲ್ಲಿದ್ದ ದುಡ್ಡಲ್ಲ. ಓದಲು ಬಾರದವರ ಭಯ ಮತ್ತು ಓದಲು ಬರುವವರ ಅವಸರ, ಇವೆರಡನ್ನೇ ನೆಚ್ಚಿ ಅವನು ಅಂಗಡಿ ನಡೆಸುತ್ತಿದ್ದ. ಭಯವನ್ನು ನಾನು ಹೋಗಲಾಡಿಸಲು ಆಗುತ್ತಿತ್ತೋ ಇಲ್ಲವೋ, ಅವಸರ ಮಾತ್ರ ಪೂರ್ತಿ ನನ್ನದಾಗಿತ್ತು.

ಕೈ ತೊಳೆದು ಬಂದಾಗ ಹಾಲಮ್ಮ ಎಪ್ಪತ್ತು ರೂಪಾಯಿ ಇಸಿದುಕೊಂಡರು, ಒಂದು ರೂಪಾಯಿಯೂ ಬಿಡಲಿಲ್ಲ. ಆಮೇಲೆ ಗಲ್ಲಾದ ಡ್ರಾಯರಿನಿಂದ ಮಡಿಸಿಟ್ಟ ಕಾಗದವನ್ನೂ ಒಂದು ಪೆನ್ನನ್ನೂ ತೆಗೆದರು. ಮಳಿಗೆಯ ಬಾಡಿಗೆ ಕರಾರು, ಮುಂದಿನ ಒಂದು ವರ್ಷಕ್ಕೆ ಸಹಿ ಹಾಕಬೇಕಿತ್ತು. ಮಾಲೀಕರ ಕಡೆಯವರು ನಾಲ್ಕು ದಿನದಿಂದ ಬಂದು ಹೋಗುತ್ತಿದ್ದರಂತೆ, ಸುಮ್ಮನೆ ಹಾಕ್ರಿ, ಎಲ್ಲ ಹಳೇದೇ ಐತೆ ಎನ್ನುತ್ತಿದ್ದರಂತೆ. ಓದಿ ಹೇಳುವವರು ಬರಲಿ ಎಂದು ಇವರು ಹಾಗೇ ಇಟ್ಟುಕೊಂಡಿದ್ದರು.

ಕನ್ನಡಕ ಹಾಕಿಕೊಂಡು ಮೇಲಿನ ಸಾಲಿನಿಂದ ಶುರುಮಾಡಿದೆ. ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದಿದೆ, ಕೆಳಗಿನ ಸಣ್ಣಕ್ಷರವನ್ನೂ ಬಿಡಲಿಲ್ಲ. ಆರನೆಯ ಕಲಮಿನಲ್ಲಿ ಬಾಡಿಗೆ ಒಂದೂವರೆ ಪಟ್ಟು ಆಗಿತ್ತು. ಹಾಲಮ್ಮ ಅಲ್ಲಿ ಬೆರಳಿಟ್ಟು ಗುರುತು ಮಾಡಿಕೊಂಡು, ಪೆನ್ನನ್ನು ಮತ್ತೆ ಡ್ರಾಯರಿನಲ್ಲಿಟ್ಟರು.